ಒಂದು ಸೆಂಟ್ ಹೆಚ್ಚಾದರೆ ಎಂಟು ಡಾಲರ್ ತೆರಿಗೆ

ಆಗಸ್ಟ್ ಹತ್ತಿರ ಬಂತೆಂದರೆ ಟೆಕ್ಸಸ್‌ನ ಕನ್ನಡದ ಮನೆಗಳಿಂದ ನನಗೆ ಒಂದೇ ಪ್ರಶ್ನೆ: "ಸರ್, ಟ್ಯಾಕ್ಸ್ ಹಾಲಿಡೇ ಯಾವಾಗ?" ಶಾಲೆ ಶುರುವಾಗುವ ಮುಂಚೆ ಶುಕ್ರವಾರದಿಂದ ಭಾನುವಾರದವರೆಗೆ ಬಟ್ಟೆ, ಶೂ, ಸ್ಕೂಲ್ ಬ್ಯಾಗ್, ನೋಟ್‌ಬುಕ್‌ಗಳಿಗೆ ಮಾರಾಟ ತೆರಿಗೆ ಇರುವುದಿಲ್ಲ. 1999ರಿಂದಲೂ ಇದು ನಡೆಯುತ್ತಿದೆ.

ಊರಲ್ಲಿ ಎಂಆರ್‌ಪಿ ನೋಡಿ ದುಡ್ಡು ಕೊಟ್ಟು ಅಭ್ಯಾಸ ಇರುವವರಿಗೆ ಇಲ್ಲಿನ ರೀತಿ ಮೊದಲು ಗಲಿಬಿಲಿ. ಇಲ್ಲಿ ತೆರಿಗೆ ಸೇರುವುದು ಬಿಲ್ ಹಾಕುವಾಗ. ರಾಜ್ಯದ್ದು ಶೇ 6.25, ಅದರ ಮೇಲೆ ಸ್ಥಳೀಯ ತೆರಿಗೆ ಶೇ 2ರವರೆಗೆ. ಅಂದರೆ ನಿಮಗೆ ಉಳಿಯುವುದು ಹೆಚ್ಚೆಂದರೆ ಶೇ 8.25. ಮಾಮೂಲಿ ಡಿಸ್ಕೌಂಟ್ ಸೇಲ್‌ನಲ್ಲೇ ಇದಕ್ಕಿಂತ ಜಾಸ್ತಿ ಸಿಗುತ್ತದೆ, ಅಲ್ವಾ?

ಎಡವುವುದು ಮಿತಿಯ ಹತ್ತಿರ. ಒಂದೊಂದು ವಸ್ತುವಿನ ಬೆಲೆಯೂ 100 ಡಾಲರ್‌ಗಿಂತ ಕಡಿಮೆ ಇರಬೇಕು. 99.99ರ ಶೂಗೆ ತೆರಿಗೆ ಸೊನ್ನೆ. ಸರಿಯಾಗಿ 100 ಆದರೆ 8.25 ಡಾಲರ್‌ವರೆಗೆ ಕಟ್ಟಬೇಕು. ಮಿತಿ ದಾಟಿದ ಭಾಗಕ್ಕೆ ಮಾತ್ರ ಅಲ್ಲ, ಪೂರ್ತಿ ಬೆಲೆಗೆ! ಆನ್‌ಲೈನ್‌ನಲ್ಲಿ ಡೆಲಿವರಿ ಖರ್ಚೂ ಬೆಲೆಗೆ ಸೇರುತ್ತದೆ. 95 ಡಾಲರ್ ಜೀನ್ಸ್‌ಗೆ 10 ಡಾಲರ್ ಡೆಲಿವರಿ ಅಂದರೆ 105, ತೆರಿಗೆ ಬಿತ್ತು. ಅದೇ 110ರ ಜೀನ್ಸ್‌ಗೆ ಅಂಗಡಿಯವರೇ ಶೇ 10 ಬಿಟ್ಟರೆ 99, ತೆರಿಗೆ ಇಲ್ಲ.

ಈ ಕಷ್ಟ ನಮ್ಮ ಕಡೆಯೂ ಇದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯಲ್ಲಿ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ 5, ಅದು ದಾಟಿದರೆ ಪೂರ್ತಿ ಬೆಲೆಗೆ ಶೇ 18.

ಲ್ಯಾಪ್‌ಟಾಪ್, ಒಡವೆ, ಹ್ಯಾಂಡ್‌ಬ್ಯಾಗ್‌ಗೆ ಟೆಕ್ಸಸ್‌ನ ಈ ರಜೆ ಇಲ್ಲ. ಲ್ಯಾಪ್‌ಟಾಪ್‌ಗಾಗಿ ಸುಮ್ನೆ ಕಾಯಬೇಡಿ.

ಅಂಗಡಿಯವರ ಪಾಡೇ ಬೇರೆ. ನಾನು ಲೆಕ್ಕ ನೋಡುವ ಒಬ್ಬರು ಒಂದು ವರ್ಷ ಬಿಲ್ಲಿಂಗ್ ಯಂತ್ರದಲ್ಲಿ ಬಟ್ಟೆಗೆ ತೆರಿಗೆ ತೆಗೆದರು, ಮಕ್ಕಳ ಶೂ ಮರೆತರು. ಶನಿವಾರ ಮಧ್ಯಾಹ್ನ ಒಬ್ಬ ತಾಯಿ ಬಿಲ್ ಹಿಡಿದು ವಾಪಸ್ ಬಂದಾಗಲೇ ಗೊತ್ತಾಗಿದ್ದು. ತಪ್ಪಾಗಿ ವಸೂಲಿ ಮಾಡಿದ ತೆರಿಗೆಯನ್ನು ಅಂಗಡಿಯಿಂದಲೇ ವಾಪಸ್ ಕೇಳಬಹುದು, ಹಾಗಾಗಿ ಬಿಲ್ ಎಸೆಯಬೇಡಿ. ಅಂಗಡಿಯವರಿಗೆ ಇನ್ನೊಂದು ಮಾತು: ಆ ಮೂರು ದಿನದ ವ್ಯಾಪಾರವನ್ನು ತೆರಿಗೆ ರಿಟರ್ನ್‌ನ ಒಟ್ಟು ಮಾರಾಟದಲ್ಲಿ ತೋರಿಸಲೇಬೇಕು. ವಿನಾಯ್ತಿ ಸಿಕ್ಕಿದ್ದನ್ನು ತೆರಿಗೆ ಬೀಳುವ ಮಾರಾಟದಿಂದ ಮಾತ್ರ ಬಿಡಿ.