ಪರದೆಯ ಗಾತ್ರ: ಇಂಚು, ಪಿಕ್ಸೆಲ್ ಮತ್ತು ಡಿಪಿ

ಫೋನಿನ ಪರದೆ 6 ಇಂಚಿನದು ಎಂದಾಗ ಆ ಸಂಖ್ಯೆ ಕರ್ಣದ ಉದ್ದವನ್ನಷ್ಟೇ ಹೇಳುತ್ತದೆ. ಕರ್ಣ ಒಂದೇ ಆಗಿದ್ದರೂ 16:9 ಅನುಪಾತದ ಪರದೆಯ ಅಗಲ ಸುಮಾರು 2.9 ಇಂಚು, 20:9 ಅನುಪಾತದ ಪರದೆಯದು ಸುಮಾರು 2.5 ಇಂಚು ಎಂಬುದನ್ನು ಪೈಥಾಗೊರಸ್ ಪ್ರಮೇಯದಿಂದ ಲೆಕ್ಕಹಾಕಿ ನೋಡಬಹುದು. ಒಂದು ಸಾಲಿನಲ್ಲಿ ಎಷ್ಟು ಪದಗಳು ಹಿಡಿಸುತ್ತವೆ, ಹೆಬ್ಬೆರಳು ಆಚೆಯ ಅಂಚನ್ನು ತಲುಪುತ್ತದೆಯೇ ಎಂಬುದೆಲ್ಲ ಅಗಲವನ್ನು ಅವಲಂಬಿಸಿರುವುದರಿಂದ, ಜಾಹೀರಾತಿನ ಇಂಚು ಆಪ್ ರೂಪಿಸುವವರಿಗೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ.

ಪಿಕ್ಸೆಲ್ ಲೆಕ್ಕವೂ ಸಾಲದು. 48 ಪಿಕ್ಸೆಲ್ ಅಗಲದ ಬಟನ್, ಇಂಚಿಗೆ 160 ಪಿಕ್ಸೆಲ್‌ಗಳಿರುವ ಪರದೆಯಲ್ಲಿ ಏಳೂವರೆ ಮಿಲಿಮೀಟರ್‌ನಷ್ಟಿದ್ದರೆ, 480 ಪಿಕ್ಸೆಲ್‌ಗಳಿರುವ ಪರದೆಯಲ್ಲಿ ಎರಡೂವರೆ ಮಿಲಿಮೀಟರ್‌ಗೆ ಕುಗ್ಗುತ್ತದೆ. ಅದನ್ನು ಬೆರಳಿನಿಂದ ಸರಿಯಾಗಿ ಒತ್ತುವುದೇ ಕಷ್ಟ. ಆದ್ದರಿಂದ ಆಂಡ್ರಾಯ್ಡ್‌ನಲ್ಲಿ ಡಿಪಿ ಎಂಬ ಮಾನವನ್ನು ಬಳಸುತ್ತಾರೆ: ಪಿಕ್ಸೆಲ್‌ಗಳ ಸಂಖ್ಯೆಯನ್ನು 160ರಿಂದ ಗುಣಿಸಿ ಸಾಂದ್ರತೆಯಿಂದ, ಅಂದರೆ ಇಂಚಿಗಿರುವ ಪಿಕ್ಸೆಲ್‌ಗಳ ಸಂಖ್ಯೆಯಿಂದ, ಭಾಗಿಸಿದರೆ ಡಿಪಿ ಸಿಗುತ್ತದೆ. ಸಾಂದ್ರತೆ 480 ಇರುವ 1080 ಪಿಕ್ಸೆಲ್ ಅಗಲದ ಫೋನ್, ಸಾಂದ್ರತೆ 320 ಇರುವ 720 ಪಿಕ್ಸೆಲ್‌ನ ಫೋನ್ ಎರಡೂ 360 ಡಿಪಿಯವೇ ಆಗುತ್ತವೆ, ಅಂದರೆ ಡೆವಲಪರ್ ಪಾಲಿಗೆ ಅವುಗಳ ಅಗಲ ಒಂದೇ. ಒತ್ತುವ ಜಾಗ ಕನಿಷ್ಠ 48 ಡಿಪಿ ಇರಬೇಕೆಂದು ಆಂಡ್ರಾಯ್ಡ್ ಮಾರ್ಗಸೂಚಿ ಹೇಳಿದರೆ, ಆ್ಯಪಲ್ ತನ್ನ ಮಾನದಲ್ಲಿ 44 ಪಾಯಿಂಟ್ ಎನ್ನುತ್ತದೆ.

ಈ ಮಾನಗಳು ಸಾಂದ್ರತೆಯ ತೊಡಕನ್ನು ಬಹುಮಟ್ಟಿಗೆ ನಿವಾರಿಸುತ್ತವೆಯೇ ಹೊರತು ಆಕಾರದ್ದನ್ನಲ್ಲ. 2012ರಲ್ಲಿ ಐಫೋನ್ 5ರ ಪರದೆ ಉದ್ದವಾದಾಗ, ಪರಿಷ್ಕರಿಸದ ಆಪ್‌ಗಳು ಮೇಲೆ ಕೆಳಗೆ ಕಪ್ಪು ಪಟ್ಟಿಗಳೊಂದಿಗೆ ಕಾಣಿಸುತ್ತಿದ್ದವು. 2017ರ ಐಫೋನ್ 10ರಲ್ಲಿ ಪರದೆಯ ಮೇಲಂಚನ್ನೇ ಕತ್ತರಿಸಿ ಕ್ಯಾಮೆರಾಕ್ಕೆ ಜಾಗ ಮಾಡಿದ್ದರಿಂದ, ಮುಖ್ಯವಾದುದೆಲ್ಲ ಸುರಕ್ಷಿತ ವಲಯದೊಳಗೆ ಬರುವಂತೆ ಲೇಔಟ್‌ಗಳನ್ನು ತಿದ್ದಬೇಕಾಯಿತು. ಮಡಚುವ ಫೋನಿನಲ್ಲಂತೂ ಆಪ್ ತೆರೆದಿರುವಾಗಲೇ ಅಗಲ ಬದಲಾಗುತ್ತದೆ. ಆ ಕ್ಷಣದಲ್ಲಿ ಅರ್ಧ ತುಂಬಿದ ಅರ್ಜಿ ಅಳಿಸಿಹೋದರೆ ಬಳಕೆದಾರರು ದೂರುವುದು ಆಪ್ ಅನ್ನೇ, ಮತ್ತು ಅದು ನ್ಯಾಯವೂ ಹೌದು.

ಬಳಕೆದಾರರ ಸೆಟ್ಟಿಂಗ್ಸ್ ಕೂಡ ಪರದೆಯ ಗಾತ್ರವನ್ನು ಬದಲಿಸುತ್ತದೆ ಎಂಬುದನ್ನು ಕಲಿಯುವವರು ಹೆಚ್ಚಾಗಿ ಗಮನಿಸುವುದಿಲ್ಲ. ಡಿಸ್‌ಪ್ಲೇ ಗಾತ್ರವನ್ನು ಹಿಗ್ಗಿಸಿದರೆ ಆಪ್‌ಗೆ ಸಿಗುವ ಡಿಪಿ ಅಗಲ ಕಡಿಮೆಯಾಗುತ್ತದೆ. ಆಂಡ್ರಾಯ್ಡ್ 14ರಿಂದ ಅಕ್ಷರಗಳನ್ನು ಶೇ. 200ರವರೆಗೆ ದೊಡ್ಡದು ಮಾಡಬಹುದು; ಪೆಟ್ಟಿಗೆಯ ಎತ್ತರವನ್ನು ಬಿಗಿಯಾಗಿ ನಿಗದಿಪಡಿಸಿದ್ದರೆ ಒತ್ತಕ್ಷರಗಳಿರುವ ಲಿಪಿಗಳಲ್ಲಿ ಪದದ ಕೆಳಭಾಗ ಮೊದಲು ಕತ್ತರಿಸಿಹೋಗುತ್ತದೆ. ಕಂಪ್ಯೂಟರ್‌ನಲ್ಲೇ ಫೋನನ್ನು ಅನುಕರಿಸುವ ಎಮ್ಯುಲೇಟರ್‌ನಲ್ಲಿ ಹತ್ತಾರು ಮಾದರಿಗಳನ್ನು ಓಡಿಸುವ ಮೊದಲು, 360 ಡಿಪಿ ಅಗಲದಲ್ಲಿ ಅತಿದೊಡ್ಡ ಅಕ್ಷರ ಗಾತ್ರವನ್ನಿಟ್ಟು ಪರೀಕ್ಷಿಸುವುದು ಹೆಚ್ಚು ಫಲಕಾರಿ.