ಭತ್ತದ ಬೇರಿಗೂ ಉಸಿರು ಬೇಕು ಎಂದ ಪಾದ್ರಿ

ಮಂಡ್ಯದ ನಾಲಾ ಬಯಲಿನಲ್ಲಿ ‘ಶ್ರೀ’ ಪದ್ಧತಿಯಲ್ಲಿ, ಅಂದರೆ ಎಳೆಯ ಪೈರನ್ನು ಒಂಟಿಯಾಗಿ ನೆಟ್ಟು ನೀರು ನಿಲ್ಲಿಸದೆ ಭತ್ತ ಬೆಳೆಯುವ ಕ್ರಮದಲ್ಲಿ, ನಾಟಿ ಮಾಡಿದ ಗದ್ದೆಯನ್ನು ಮೊದಲ ತಿಂಗಳು ನೋಡಿದವರು, ಈ ವರ್ಷ ಇವನ ಬೇಸಾಯ ಕೆಟ್ಟಿತು ಎಂದೇ ಹೇಳುತ್ತಾರೆ. ದೂರ ದೂರಕ್ಕೆ ಬೆರಳುದ್ದದ ಒಂಟಿ ಪೈರು, ನಡುವೆ ಬರೀ ಕೆಸರು, ಅದರಲ್ಲೂ ಕೂದಲೆಳೆಯಂಥ ಬಿರುಕು. ಅಕ್ಕಪಕ್ಕದಲ್ಲಿ ನೀರು ನಿಂತು ಹಸಿರಾದ ಗದ್ದೆಗಳು. ಇಂಥ ಗದ್ದೆಯನ್ನು ಧೈರ್ಯಗೆಡದೆ ಕಾಯುವುದು ಸಣ್ಣ ಮಾತಲ್ಲ. ಈ ಪದ್ಧತಿಯನ್ನು ರೂಪಿಸಿದ ಅಂರಿ ದ ಲೊಲಾನಿಯೆ ಕೂಡ ಕೊನೆಯವರೆಗೂ ಇಂಥದೇ ಅನುಮಾನದ ನಡುವೆ ಕೆಲಸ ಮಾಡಿದವರು.

ಲೊಲಾನಿಯೆ ಫ್ರಾನ್ಸಿನ ಜೆಸ್ಯೂಟ್ ಪಾದ್ರಿ. ಪಾದ್ರಿಯಾಗುವ ಮೊದಲೇ ಕೃಷಿ ವಿಜ್ಞಾನ ಓದಿದ್ದರು. 1961ರಲ್ಲಿ ಮಡಗಾಸ್ಕರ್‌ಗೆ ಹೋಗಿ ಅಲ್ಲಿನ ಬಡ ರೈತರೊಡನೆ ಉಳಿದರು. 1983ರ ಹಂಗಾಮಿನಲ್ಲಿ ಮಳೆ ಕೈಕೊಟ್ಟಿತು. ಅಂತ್ಸಿರಾಬೆಯ ಅವರ ಕೃಷಿ ಶಾಲೆಯಲ್ಲಿ ಬರೀ 15 ದಿನದ ಪೈರನ್ನು ನಾಟಿ ಮಾಡಬೇಕಾಯಿತು. ಸೊರಗುತ್ತದೆ ಎಂದುಕೊಂಡಿದ್ದ ಆ ಪೈರು ಎಂದೂ ಕಾಣದಷ್ಟು ತೆಂಡೆ (ಬುಡದಿಂದ ಏಳುವ ಕವಲು) ಒಡೆಯಿತು. ಬೇರೆಯವರಾಗಿದ್ದರೆ ಅದೃಷ್ಟ ಎಂದು ಸುಮ್ಮನಾಗುತ್ತಿದ್ದರೇನೋ; ಅವರು ಮುಂದಿನ ವರ್ಷಗಳಲ್ಲಿ ಇನ್ನೂ ಎಳೆಯ ಪೈರನ್ನು ನೆಟ್ಟು ನೋಡಿದರು.

ಇದಕ್ಕೆ ಕಾರಣವನ್ನು ಜಪಾನಿನ ಕತಯಾಮ ಎಂಬ ವಿಜ್ಞಾನಿ ದಶಕಗಳ ಹಿಂದೆಯೇ ಗುರುತಿಸಿದ್ದರು. ಭತ್ತದಲ್ಲಿ ಎಲೆಗೂ ತೆಂಡೆಗೂ ಲೆಕ್ಕ ಒಂದೇ. ನಾಲ್ಕನೇ ಎಲೆ ಹೊರಡುವ ಹೊತ್ತಿಗೆ ಬುಡದಿಂದ ಮೊದಲ ತೆಂಡೆ ಏಳುತ್ತದೆ, ಆಮೇಲೆ ತೆಂಡೆಗೆ ತೆಂಡೆ ಸೇರಿ ಬೆಳೆಯುತ್ತದೆ. ಆ ಹೊತ್ತಿನಲ್ಲಿ ಒಟ್ಟಲಿನಿಂದ (ಸಸಿಮಡಿಯಿಂದ) ಕಿತ್ತು ಬೇರಿಗೆ ಪೆಟ್ಟು ಕೊಟ್ಟರೆ ಕೆಳಗಿನ ತೆಂಡೆಗಳು ಹುಟ್ಟುವುದೇ ಇಲ್ಲ. ಅವುಗಳಿಂದ ಕವಲೊಡೆಯಬೇಕಾದವೂ ಹೋಗುತ್ತವೆ. ಆದ್ದರಿಂದಲೇ ಎರಡೆಲೆಯ, 8ರಿಂದ 12 ದಿನದ ಪೈರು.

ಎರಡನೆಯ ಮಾತು ಹೆಚ್ಚು ಜನಕ್ಕೆ ರುಚಿಸಲಿಲ್ಲ: ಭತ್ತ ನೀರನ್ನು ಸಹಿಸುತ್ತದೆ ಅಷ್ಟೇ, ಸದಾ ನಿಂತ ನೀರು ಅದಕ್ಕೆ ಬೇಕಿಲ್ಲ. ನೀರು ಕಟ್ಟಿದ ಮಣ್ಣಿನಲ್ಲಿದ್ದ ಆಮ್ಲಜನಕ ಒಂದೆರಡು ದಿನದಲ್ಲೇ ಖಾಲಿಯಾಗುತ್ತದೆ. ಬೇರು ಆಗ ತನ್ನೊಳಗೆ ಗಾಳಿಯ ಟೊಳ್ಳುಗಳನ್ನು ಮಾಡಿಕೊಂಡು ಎಲೆಯಿಂದ ಗಾಳಿ ಇಳಿಸಿಕೊಳ್ಳುತ್ತದೆ. ಗಿಡ ಬದುಕುತ್ತದೆ, ಆದರೆ ಹೂ ಬರುವ ಹೊತ್ತಿಗೆ ಹಳೆಯ ಬೇರುಗಳು ಕಪ್ಪಾಗಿ ಕೊಳೆಯತೊಡಗುತ್ತವೆ. ನೀರು ಹಾಯಿಸಿ, ಆರಲು ಬಿಟ್ಟು, ಮತ್ತೆ ಹಾಯಿಸಿದ ಗದ್ದೆಯಲ್ಲಿ ಬುಡ ಕಿತ್ತು ತೊಳೆದರೆ ಬೇರು ಬೆಳ್ಳಗೆ, ದಟ್ಟವಾಗಿ ಸಿಗುತ್ತದೆ.

ವಿರೋಧ ಸುಮ್ಮಸುಮ್ಮನೆ ಬಂದದ್ದಲ್ಲ. ಮಡಗಾಸ್ಕರ್‌ನಲ್ಲಿ ಹೆಕ್ಟೇರಿಗೆ 2 ಟನ್ ಬೆಳೆಯುತ್ತಿದ್ದ ಕಡೆ 8 ಟನ್ ಬಂದಿದೆ ಎಂದಾಗ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ನಾರ್ಮನ್ ಅಪ್‌ಹಾಫ್ ಕೂಡ ಮೊದಲು ನಂಬಲಿಲ್ಲ. ಮೂರು ಹಂಗಾಮು ನೋಡಿದ ಮೇಲೆ ಅವರೇ ಇದರ ದೊಡ್ಡ ಪ್ರಚಾರಕರಾದರು. 15, 20 ಟನ್ನಿನ ಸುದ್ದಿಗಳೂ ಹಬ್ಬಿದವು. 2004ರಲ್ಲಿ ಬೆಳೆ ವಿಜ್ಞಾನಿಗಳು ಬಿಸಿಲಿನ ಲೆಕ್ಕ ಹಾಕಿ ಅಷ್ಟು ಇಳುವರಿ ಸಾಧ್ಯವಿಲ್ಲ ಎಂದರು. ಚೀನಾದ ಮೂರು ಕಡೆಯ ಪ್ರಯೋಗದಲ್ಲಿ, ಚೆನ್ನಾಗಿ ಮಾಡಿದ ಸಾಮಾನ್ಯ ಬೇಸಾಯಕ್ಕಿಂತ ಹೆಚ್ಚೇನೂ ಬರಲಿಲ್ಲ. ದಾಖಲೆ ಇಳುವರಿಯ ಮಾತಿನಲ್ಲಿ ಟೀಕಾಕಾರರೇ ಸರಿ ಎಂದು ನಾನು ಒಪ್ಪುತ್ತೇನೆ. ನೀರಿನ ಮಾತಿನಲ್ಲಿ ಗೆದ್ದದ್ದು ಲೊಲಾನಿಯೆ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯೇ ಇಂದು ‘ಹಾಯಿಸು, ಆರಿಸು’ ಕ್ರಮವನ್ನು ಶಿಫಾರಸು ಮಾಡುತ್ತದೆ: ಶೇಕಡಾ 30ರವರೆಗೆ ನೀರು ಉಳಿತಾಯ, ಗದ್ದೆಯಿಂದ ಏಳುವ ಮೀಥೇನ್ ಸುಮಾರು ಅರ್ಧಕ್ಕೆ ಇಳಿಕೆ. 1995ರಲ್ಲೇ ತೀರಿಕೊಂಡ ಲೊಲಾನಿಯೆ ಇದನ್ನು ನೋಡಲಿಲ್ಲ. ಅವರಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾಗುವುದು ಹಟಕ್ಕಿಂತ ಬದಲಾಗುವ ಗುಣ. ಮೊದಲು ರಾಸಾಯನಿಕ ಗೊಬ್ಬರವನ್ನೇ ಹಾಕಿಸುತ್ತಿದ್ದವರು, ಅದರ ಬೆಲೆ ರೈತರ ಕೈಮೀರಿದಾಗ ಕಾಂಪೋಸ್ಟ್ ಗೊಬ್ಬರಕ್ಕೆ ತಿರುಗಿದರು.

ಇನ್ನು ಗದ್ದೆಯ ಲೆಕ್ಕ. 25 ಸೆಂ.ಮೀ. ಅಂತರದಲ್ಲಿ ಚದರ ಮೀಟರಿಗೆ 16 ಬುಡ, ಎಕರೆಗೆ ಸುಮಾರು 65,000. ಸಾವಿರ ಕಾಳು 25 ಗ್ರಾಂ ತೂಗಿದರೆ ಬಿತ್ತನೆ ಒಂದೂಮುಕ್ಕಾಲು ಕಿಲೋ ದಾಟುವುದಿಲ್ಲ. ಮೊಳೆಯದೆ ಉಳಿಯುವುದನ್ನೂ ಸೇರಿಸಿ 2 ಕಿಲೋ ಸಾಕು. ವಾಡಿಕೆಯಲ್ಲಿ ಹಾಕುವುದು 25 ಕಿಲೋಗಿಂತ ಹೆಚ್ಚು. ಒಟ್ಟಲಿಗೆ 40 ಚದರ ಮೀಟರ್ ಏರುಮಡಿ. ಪೈರನ್ನು ಜಗ್ಗಿ ಕೀಳದೆ, ಕಾಳು ಮತ್ತು ಮಣ್ಣಿನ ಸಮೇತ ತಟ್ಟೆಯಲ್ಲಿ ಎತ್ತಿ ಅರ್ಧ ಗಂಟೆಯೊಳಗೆ ನೆಡಬೇಕು. ಒಂದೆರಡು ಸೆಂ.ಮೀ. ಆಳ ಸಾಕು. ಹೆಬ್ಬೆರಳಿನಿಂದ ಒತ್ತಿ ಚುಚ್ಚಿದರೆ ಬೇರಿನ ತುದಿ ಮೇಲಕ್ಕೆ ಮಡಚಿಕೊಂಡು, ಮತ್ತೆ ಕೆಳಗೆ ತಿರುಗುವಷ್ಟರಲ್ಲಿ ದಿನಗಳು ಕಳೆಯುತ್ತವೆ. ಬೇರನ್ನು ಅಡ್ಡಕ್ಕೆ ಜಾರಿಸಿ ನೆಡುವುದನ್ನು ನಾಟಿಯ ಹೆಂಗಸರಿಗೆ ಮೊದಲ ಸಾಲಿನಲ್ಲೇ ತೋರಿಸಿಕೊಡಬೇಕು.

ನೀರು ನಿಲ್ಲದ ಗದ್ದೆಯಲ್ಲಿ ಕಳೆ ಏಳದೆ ಇರದು. ನಾಟಿಯಾದ 10ನೇ ದಿನದಿಂದ ಹತ್ತು ದಿನಕ್ಕೊಮ್ಮೆ, ಮೂರು ನಾಲ್ಕು ಸಲ ಕೋನೋವೀಡರ್ (ಕೈಯಿಂದ ತಳ್ಳುವ, ಚಕ್ರದ ಕಳೆ ಯಂತ್ರ) ಹಾಯಿಸಬೇಕು, ಉದ್ದಕ್ಕೂ ಅಡ್ಡಕ್ಕೂ. ಮೊದಲ ಸಲ ತಡವಾದರೆ ಕಳೆ ಬೇರುಬಿಟ್ಟು ಚಕ್ರಕ್ಕೆ ಸಿಗುವುದಿಲ್ಲ. ಬಹಳ ಜನ ಈ ಪದ್ಧತಿ ಬಿಡುವುದು ಇಲ್ಲೇ.

ನೀರು ಯಾವಾಗ ಹಾಯಿಸಬೇಕು ಎಂದು ತಿಳಿಯಲು 30 ಸೆಂ.ಮೀ. ಉದ್ದ, 10ರಿಂದ 15 ಸೆಂ.ಮೀ. ಅಗಲದ ಪಿವಿಸಿ ಪೈಪಿನ ಕೆಳಗಿನ ಅರ್ಧಕ್ಕೆ ತೂತು ಕೊರೆದು, ಆ ಅರ್ಧವನ್ನು ಹೂತು, ಒಳಗಿನ ಮಣ್ಣು ತೆಗೆಯಬೇಕು. ಪೈಪಿನೊಳಗೆ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ 5 ಸೆಂ.ಮೀ. ನಿಲ್ಲುವಷ್ಟು ಹಾಯಿಸಿದರಾಯಿತು. ಹೂ ಬರುವ ಮುಂಚಿನ ವಾರ ಮತ್ತು ನಂತರದ ವಾರ ಮಾತ್ರ ಆರಿಸಬಾರದು, ಕಾಳು ಜೊಳ್ಳಾಗುತ್ತದೆ. ಯೂರಿಯಾವನ್ನು ಆರಿದ ಗದ್ದೆಗೆ ಎರಚಿ ಕೂಡಲೇ ನೀರು ಕೊಡಬೇಕು. ಆರಿದ ಮಣ್ಣಿನಲ್ಲಿ ಅದು ನೈಟ್ರೇಟ್ ಆಗುವವರೆಗೆ ಬಿಟ್ಟು ಆಮೇಲೆ ನೀರು ಕಟ್ಟಿದರೆ ಸಾರಜನಕ ಗಾಳಿಗೆ ಹೋಗುತ್ತದೆ. ಚೌಳು ನೆಲದಲ್ಲಿ ಈ ಕ್ರಮ ಬೇಡ, ಆರಿದಾಗ ಉಪ್ಪು ಮೇಲೇಳುತ್ತದೆ.

ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಟ್ಟ ವರ್ಷ ಆರಿಸುವುದು ತಾನಾಗಿ ಆಗುತ್ತದೆ. ಕಷ್ಟ ಇರುವುದು ನೀರು ಧಾರಾಳವಾಗಿರುವ ವರ್ಷ. ನಮ್ಮಲ್ಲಿ ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಇಳಿಯುತ್ತದೆ. ಮೇಲಿನವರು ಹಾಯಿಸಿದ್ದೆಲ್ಲ ನಿಮ್ಮ ಎಳೆ ಪೈರಿನ ಮೇಲೇ ಬರುತ್ತದೆ. ಆದ್ದರಿಂದ ಒಟ್ಟಲು ಹಾಕುವ ಮೊದಲೇ ಬದುವಿನ ಪಕ್ಕದಲ್ಲಿ ಒಂದಡಿ ಅಗಲದ ಬಸಿಗಾಲುವೆ ತೆಗೆದು, ಮೇಲಿನಿಂದ ಬಂದ ನೀರು ಗದ್ದೆ ಮುಟ್ಟದೆ ಕೆಳಗೆ ಹೋಗುವಂತೆ ಮಾಡಿಕೊಳ್ಳಬೇಕು. ಗದ್ದೆಯ ಮಟ್ಟವನ್ನೂ ಅದೇ ಹೊತ್ತಿಗೆ ಸರಿಮಾಡಬೇಕು, ತಗ್ಗಿನಲ್ಲಿ ನೀರು ನಿಂತ ಕಡೆ ಹತ್ತು ದಿನದ ಪೈರು ಮುಳುಗಿ ಸಾಯುತ್ತದೆ.