ವ್ಯಾಪಾರಿಗಳಿಗೆ ಸೂರು ಸಿಕ್ಕ ಕಥೆ

ಹದಿನಾರನೇ ಶತಮಾನದಲ್ಲಿ ಸ್ಪೇನಿನ ಸೆವಿಲ್ ಅಂದರೆ ದುಡ್ಡಿನ ಊರು. ಅಮೆರಿಕದಿಂದ ಸ್ಪೇನಿಗೆ ಬರುವ ಬೆಳ್ಳಿಯ ಲೆಕ್ಕವೆಲ್ಲ ಇಲ್ಲೇ ಆಗಬೇಕು. ಆದರೆ ವ್ಯಾಪಾರಿಗಳು ಸೇರಿ ಮಾತಾಡಲು ಒಂದು ಸರಿಯಾದ ಜಾಗ ಇರಲಿಲ್ಲ. ದೊಡ್ಡ ಚರ್ಚಿನ ಮೆಟ್ಟಿಲ ಮೇಲೇ ಚೌಕಾಸಿ, ಮಳೆ ಬಂದರೆ ಸೀದಾ ಒಳಗೆ. ಆರ್ಚ್‌ಬಿಷಪ್ ರೋಸಿಹೋಗಿ ರಾಜ ಎರಡನೇ ಫಿಲಿಪ್‌ಗೆ ದೂರು ಕೊಟ್ಟರು. ಹಾಗಾಗಿ ಪಕ್ಕದಲ್ಲೇ ವ್ಯಾಪಾರಿಗಳಿಗಾಗಿ ಹುವಾನ್ ದೆ ಎರೇರ ವಿನ್ಯಾಸ ಮಾಡಿದ ಭವ್ಯ ಕಟ್ಟಡದ ಕೆಲಸ 1584ರಲ್ಲಿ ಶುರುವಾಗಿ, 1598ರಲ್ಲಿ ಬಾಗಿಲು ತೆರೆಯಿತು. ಅಮೆರಿಕದ ವ್ಯಾಪಾರದ ಆಡಳಿತ 1717ರಲ್ಲಿ ಕಾದಿಸ್ ಬಂದರಿಗೆ ಹೋಯಿತು. 1785ರಿಂದ ಆ ಕಟ್ಟಡ ಹಳೇ ಕಾಗದಪತ್ರಗಳ ಸಂಗ್ರಹಾಲಯ.

ಯುರೋಪಿನ ಬೇರೆ ಊರುಗಳಲ್ಲೂ ಹೆಚ್ಚುಕಡಿಮೆ ಹೀಗೇ ಆಗಿದ್ದು. ಮೊದಲು ಜನ ಸೇರಿದರು, ಕಟ್ಟಡ ಆಮೇಲೆ ಬಂತು. ಬೆಲ್ಜಿಯಂನ ಬ್ರೂಜ್‌ನಲ್ಲಿ ಒಂದು ಮನೆತನದ ವಸತಿಗೃಹದ ಮುಂದಿನ ಚೌಕವೇ ವ್ಯಾಪಾರಿಗಳ ಅಡ್ಡೆ, ಜಿನೋವಾ, ವೆನಿಸ್, ಫ್ಲಾರೆನ್ಸ್‌ನವರು ಅಲ್ಲೇ ಸುತ್ತ ಮನೆ ಮಾಡಿಕೊಂಡಿದ್ದರು.

ವ್ಯಾಪಾರಿಗಳ ಈ ಕೂಟವನ್ನು ಸಂತೆ ಅಂದುಕೊಳ್ಳಬೇಡಿ. ಮೂಟೆಗಳೆಲ್ಲ ಗೋದಾಮಿನಲ್ಲೋ ಹಡಗಿನಲ್ಲೋ ಇರುತ್ತಿದ್ದವು. ಇಲ್ಲಿ ಕೈ ಬದಲಾಗುತ್ತಿದ್ದದ್ದು ಮಾತು, ಹುಂಡಿ (ಇಂಥವರಿಗೆ ಇಷ್ಟು ಹಣ ಕೊಡಿ ಅನ್ನುವ ಪತ್ರ), ಸುದ್ದಿ. ಯಾವ ಹಡಗು ಬಂತು, ಯಾರು ದಿವಾಳಿ, ಯಾರು ಮೂರು ದಿನದಿಂದ ಮುಖ ತೋರಿಸಿಲ್ಲ ಅಂತ ತಿಳಿಯಬೇಕಾದರೆ ಎಲ್ಲರೂ ಒಂದೇ ಹೊತ್ತಿಗೆ ಒಂದೇ ಕಡೆ ಸಿಗಬೇಕು, ಅಲ್ವಾ?

1531ರಲ್ಲಿ ಬೆಲ್ಜಿಯಂನದೇ ಇನ್ನೊಂದು ಊರು ಆಂಟ್‌ವರ್ಪ್ ಅದಕ್ಕೆ ಒಂದು ಮಾದರಿ ಕಟ್ಟಿತು. ನಡುವೆ ತೆರೆದ ಅಂಗಳ, ನಾಲ್ಕೂ ಕಡೆ ಕಮಾನುಗಳ ಪಡಸಾಲೆ. ಯಾವ ದೇಶದ, ಯಾವ ಭಾಷೆಯ ವ್ಯಾಪಾರಿಗಾದರೂ ಇದು ಅಂತ ಬರೆದೇ ಹಾಕಿದ್ದರು. ಮಲಬಾರಿನಿಂದ ಲಿಸ್ಬನ್‌ಗೆ ಹೋದ ಕರಿಮೆಣಸು ಉತ್ತರ ಯುರೋಪಿಗೆ ಹಂಚಿಕೆಯಾಗುತ್ತಿದ್ದದ್ದೂ ಇದೇ ಊರಿಂದ. ಬಳ್ಳಿ ಹತ್ತಿ ಮೆಣಸು ಕೊಯ್ದವನಿಗೆ ಆಂಟ್‌ವರ್ಪ್ ಹೆಸರು ಕೂಡ ಗೊತ್ತಿರಲಿಕ್ಕಿಲ್ಲ ಬಿಡಿ.

ಅದನ್ನು ನೋಡಿ ಲಂಡನ್‌ಗೂ ಅಂಥದ್ದೊಂದು ತರಬೇಕು ಅಂತ ಹೊರಟವನು ಇಂಗ್ಲಿಷ್ ವ್ಯಾಪಾರಿ ಥಾಮಸ್ ಗ್ರೆಶಮ್. ಅಲ್ಲಿನ ವ್ಯಾಪಾರಿಗಳು ಲೊಂಬಾರ್ಡ್ ಬೀದಿಯಲ್ಲಿ ಮಳೆಯಲ್ಲೇ ನೆನೆಯುತ್ತಿದ್ದರು. ಗ್ರೆಶಮ್‌ನ ಅಪ್ಪ ಹಿಂದೆಯೇ ಹೇಳಿ ನೋಡಿದ್ದ, ಯಾರೂ ಬೀದಿ ಬಿಡಲು ಒಪ್ಪಲಿಲ್ಲ. ಮಗ ಜಾಣ. ಜಾಗ ನೀವು ಕೊಡಿ, ಕಟ್ಟೋದು ನನ್ನ ಖರ್ಚು ಅಂತ ನಗರಾಡಳಿತಕ್ಕೆ ಹೇಳಿದ. ಸುಮ್ನೆ ಅಲ್ಲ, ಮಹಡಿಯಲ್ಲಿ ಬಾಡಿಗೆಗೆ ಅಂಗಡಿಗಳನ್ನು ಇಟ್ಟಿದ್ದ. ಆದರೆ ಮೊದಮೊದಲು ಅಂಗಡಿಗಳು ಖಾಲಿ ಹೊಡೆದವು. 1571ರ ಜನವರಿಯಲ್ಲಿ ರಾಣಿ ಎಲಿಜಬೆತ್ ನೋಡಲು ಬರುತ್ತಾಳೆ ಅಂತಾದಾಗ, ಇದ್ದ ಅಂಗಡಿಯವರನ್ನೇ ಹಿಡಿದು, ಎಷ್ಟು ಮಳಿಗೆ ತುಂಬಿಸಿ ಮೇಣದ ದೀಪ ಹಚ್ಚುತ್ತೀರೋ ಅಷ್ಟಕ್ಕೂ ಒಂದು ವರ್ಷ ಬಾಡಿಗೆ ಬೇಡ ಅಂದ. ರಾಣಿ ಬಂದಳು, ಮೆಚ್ಚಿದಳು, ಇದರ ಹೆಸರು ರಾಯಲ್ ಎಕ್ಸ್‌ಚೇಂಜ್ ಅಂತ ಡಂಗುರ ಹೊಡೆಸಿದಳು. ಆಮೇಲೆ ಬಾಡಿಗೆಯೂ ಏರಿತು!

ಆಮ್‌ಸ್ಟರ್‌ಡ್ಯಾಂ 1611ರಲ್ಲಿ ತನ್ನದನ್ನು ತೆರೆಯಿತು. ಕಂಬಗಳಿಗೆ ನಂಬರು, ಇಂಥ ಸರಕಿನವರು ಇಂಥ ಕಂಬದ ಬಳಿ ಅನ್ನುವ ರೂಢಿ. ವ್ಯವಹಾರಕ್ಕೆ ಗೊತ್ತಾದ ಹೊತ್ತು, ಮೀರಿದರೆ ದಂಡ. ಸಮಯ ಕಡಿಮೆ ಇದ್ದಷ್ಟೂ ಎಲ್ಲರೂ ಒಟ್ಟಿಗೇ ಬರುತ್ತಾರೆ ಅನ್ನುವ ಲೆಕ್ಕ ನನಗಂತೂ ಬಲು ಚೆನ್ನಾಗಿ ಕಾಣುತ್ತದೆ. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಷೇರುಗಳನ್ನೂ ಅಲ್ಲೇ ಮಾರುತ್ತಿದ್ದರು.

ಹೀಗೆ ಷೇರು ಮಾರುವ ದಲ್ಲಾಳಿಗಳು ಲಂಡನ್ನಿನಲ್ಲೂ ಜಾಸ್ತಿಯಾದರು. ಅವರ ಗದ್ದಲ ಉಳಿದ ವ್ಯಾಪಾರಿಗಳಿಗೆ ಹಿಡಿಸಲಿಲ್ಲ. 1698ರಲ್ಲಿ ದಲ್ಲಾಳಿಗಳು ರಾಯಲ್ ಎಕ್ಸ್‌ಚೇಂಜ್ ಬಿಟ್ಟು ಎದುರಿನ ಗಲ್ಲಿಯ ಕಾಫಿ ಅಂಗಡಿಗಳಿಗೆ ಹೋದರು. ವರ್ಷಗಟ್ಟಲೆ ಅಲ್ಲೇ ವ್ಯವಹಾರ. ಕೊನೆಗೆ 1773ರಲ್ಲಿ ಅವರೇ ಒಂದು ಕಟ್ಟಡ ಮಾಡಿಕೊಂಡು, ಒಳಗೆ ಬರಲು ದಿನಕ್ಕೆ ಆರು ಪೆನ್ಸ್ ಅಂತ ಬಾಗಿಲಲ್ಲೇ ವಸೂಲಿ ಶುರುಮಾಡಿದರು.